ಕರಾರು ಮಾಡಿಕೊಟ್ಟವರು ನೋಂದಣಿಗೆ ಬಾರದಿದ್ದರೆ ದಾವೆ ಹೂಡುವುದು ಹೇಗೆ?

ಕಾಫಿ ತೋಟಕ್ಕೆ ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿಕೊಂಡ ಮೇಲೆ, ಬೆಲೆ ಏರಿತೆಂದು ಮಾರುವವರು ಉಪನೋಂದಣಿ ಕಚೇರಿಗೆ ಬರಲೊಪ್ಪದಿದ್ದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ದಾವೆ ಹೂಡಬಹುದು. ಕರಾರಿನಿಂದಲೇ ಜಮೀನು ನಿಮ್ಮದಾಗುವುದಿಲ್ಲ. ಕ್ರಯಪತ್ರ ಬರೆಸಿಕೊಳ್ಳುವ ಹಕ್ಕಷ್ಟೇ ಸಿಗುತ್ತದೆ.

ಮೊದಲು ಪಹಣಿಯನ್ನೂ ಕರಾರಿನ ಸಹಿಗಳನ್ನೂ ತಾಳೆ ನೋಡಿ. ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಜಮೀನಿನ ಪಹಣಿಯಲ್ಲಿ ಒಕ್ಕದ, ಅಂದರೆ ಒಂದೇ ಮನೆತನದ, ಹಲವರ ಹೆಸರು ಒಟ್ಟಿಗೆ ಇರುವುದುಂಟು. ಒಬ್ಬರೇ ಸಹಿ ಮಾಡಿದ್ದರೆ ಉಳಿದವರ ಪಾಲಿಗೆ ಆ ಕರಾರು ಸಾಮಾನ್ಯವಾಗಿ ಅನ್ವಯಿಸದು. ನ್ಯಾಯಾಲಯದಲ್ಲಿ ಮೊದಲು ಎದುರಾಗುವ ಆಕ್ಷೇಪವೂ ಇದೇ.

ನಂತರ ವಕೀಲರ ಮೂಲಕ ನೋಟಿಸ್ ಕಳುಹಿಸಿ, ಬಾಕಿ ಹಣದೊಂದಿಗೆ ಇಂಥ ದಿನ ನೋಂದಣಿಗೆ ಬರುವುದಾಗಿ ತಿಳಿಸಿ. ದಾವೆಯ ಜೀವಾಳವೇ ಈ ಸಿದ್ಧತೆ. 2018ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿ ನ್ಯಾಯಾಲಯದ ವಿವೇಚನಾಧಿಕಾರವನ್ನು ಮೊಟಕುಗೊಳಿಸಿದರೂ, ಖರೀದಿಗೆ ತಾವು ಮೊದಲಿನಿಂದಲೂ ಸಿದ್ಧರಿದ್ದುದನ್ನು ಸಾಬೀತುಪಡಿಸುವ ಹೊಣೆ ಖರೀದಿದಾರರ ಮೇಲೆಯೇ ಇದೆ. ನ್ಯಾಯಾಲಯ ಸೂಚಿಸುವವರೆಗೆ ಹಣ ಕಟ್ಟಬೇಕಿಲ್ಲ. ಆದರೆ ಬ್ಯಾಂಕ್ ಖಾತೆಯ ವಿವರ, ಸಾಲ ಮಂಜೂರಾತಿ ಪತ್ರಗಳಂಥ ದಾಖಲೆ ಕೈಯಲ್ಲಿರಬೇಕು. ಕಾಫಿ ಮಾರಿದ ಮೇಲೆ ಹಣ ಹೊಂದಿಸುತ್ತೇನೆಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದ ಒಂದು ಸಾಲೂ ಪಾಟೀಸವಾಲಿನಲ್ಲಿ (ಎದುರು ವಕೀಲರು ನಿಮ್ಮನ್ನು ಪ್ರಶ್ನಿಸುವಾಗ) ನಿಮಗೆ ಮುಳುವಾದೀತು.

ಕಾಲಮಿತಿ ಮೂರು ವರ್ಷ. ಕರಾರಿನಲ್ಲಿ ದಿನ ನಿಗದಿಯಾಗಿದ್ದರೆ ಅಂದಿನಿಂದ, ಇಲ್ಲದಿದ್ದರೆ ಮಾರುವವರು ನಿರಾಕರಿಸಿದ್ದು ತಿಳಿದಂದಿನಿಂದ ಎಣಿಕೆಯಾಗುತ್ತದೆ. ನೋಟಿಸ್ ಕೊಟ್ಟ ಮಾತ್ರಕ್ಕೆ ಅವಧಿ ಬೆಳೆಯುವುದಿಲ್ಲ. ರಾಜಿ ಮಾತುಕತೆಯಲ್ಲೇ ಕಾಲ ಕಳೆದು ಹಕ್ಕು ಕಳೆದುಕೊಳ್ಳಬೇಡಿ.

ದಾವೆಯನ್ನು ಜಮೀನಿರುವ ವ್ಯಾಪ್ತಿಯ ನ್ಯಾಯಾಲಯದಲ್ಲಿ ಹೂಡುವುದು ಕ್ಷೇಮ. ವಾದಪತ್ರದಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಸ್ಪಷ್ಟವಾಗಿರಲಿ. ಕ್ರಯಪತ್ರದ ಜೊತೆಗೆ ಸ್ವಾಧೀನವನ್ನೂ, ಅದು ಸಾಧ್ಯವಾಗದಿದ್ದರೆ ಮುಂಗಡ ಹಿಂದಿರುಗಿಸುವುದನ್ನೂ ಕೇಳಿ. ಕೇಳದ ಪರಿಹಾರವನ್ನು ನ್ಯಾಯಾಲಯ ಕೊಡುವುದಿಲ್ಲ. ನ್ಯಾಯಾಲಯ ಶುಲ್ಕ ನಿಂತಿರುವುದು ಮುಂಗಡದ ಮೇಲಲ್ಲ, ಪೂರ್ಣ ಕ್ರಯದ ಮೊತ್ತದ ಮೇಲೆ. ತೋಟ ಬೇರೆಯವರ ಕೈಸೇರದಂತೆ ತಾತ್ಕಾಲಿಕ ತಡೆಯಾಜ್ಞೆಗೂ ಅರ್ಜಿ ಹಾಕಿ. ಈಗಾಗಲೇ ಮಾರಾಟವಾಗಿದ್ದರೆ ಕೊಂಡವರನ್ನೂ ಪ್ರತಿವಾದಿಯಾಗಿಸಿ; ಆದರೆ ನಿಮ್ಮ ಕರಾರಿನ ಅರಿವಿಲ್ಲದೆ ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡವರಿಗೆ ಕಾನೂನಿನ ರಕ್ಷಣೆಯಿದೆ.

ನಿಮ್ಮ ಪರವಾಗಿ ಡಿಕ್ರಿ (ನ್ಯಾಯಾಲಯದ ತೀರ್ಪಿನ ಆದೇಶ) ಬಂದ ಮೇಲೆ ಗೊತ್ತುಪಡಿಸಿದ ಗಡುವಿನೊಳಗೆ ಬಾಕಿ ಹಣ ಕಟ್ಟಿ. ತಪ್ಪಿದರೆ ಕರಾರನ್ನೇ ರದ್ದುಪಡಿಸುವಂತೆ ಮಾರುವವರು ಕೋರಬಹುದು. ಹಣ ಕಟ್ಟಿದ ಮೇಲೂ ಅವರು ಬಾರದಿದ್ದರೆ ಡಿಕ್ರಿಯನ್ನು ಜಾರಿಗೊಳಿಸುವಂತೆ ಕೋರುವ ಅಮಲ್ಜಾರಿ ಅರ್ಜಿ ಸಲ್ಲಿಸಿ; ಆಗ ಅವರ ಪರವಾಗಿ ನ್ಯಾಯಾಲಯವೇ ಕ್ರಯಪತ್ರ ಬರೆದುಕೊಡುತ್ತದೆ.