ಡಿಸ್ಕ್‌ಗೆ ಹಾಕಿದ ವಿಡಿಯೊ ಚೌಕಳಿಯಾಗಿ ಒಡೆಯುತ್ತಿದೆಯೇ?

ಚಿತ್ರ ಒಡೆಯುತ್ತಿದೆ ಎಂದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಬೇರೆ ಸಾಫ್ಟ್‌ವೇರ್ ಹುಡುಕುವುದು. ಅದರಲ್ಲಿ ‘ಅತ್ಯುತ್ತಮ ಗುಣಮಟ್ಟ’ ಎಂಬ ಗುಂಡಿ ಒತ್ತಿ ರಾತ್ರಿಯಿಡೀ ಕಂಪ್ಯೂಟರ್ ಓಡಿಸುತ್ತಾರೆ. ಬೆಳಗ್ಗೆ ನೋಡಿದರೆ ಅದೇ ಚೌಕಗಳು. ರೋಗ ಎಲ್ಲಿದೆ ಎಂದು ನೋಡದೆ ಮದ್ದು ಅರೆದರೆ ಇನ್ನೇನಾದೀತು?

1. ತಪ್ಪು ಎಲ್ಲಿದೆ ಎಂದು ಪತ್ತೆ ಮಾಡಿ. ಒಂದೇ ದೃಶ್ಯವನ್ನು ಮೂಲ ಫೈಲ್‌ನಲ್ಲಿ, ಡಿಸ್ಕ್‌ಗಾಗಿ ಪರಿವರ್ತಿಸಿದ ಫೈಲ್‌ನಲ್ಲಿ ಮತ್ತು ಡಿಸ್ಕ್‌ನಲ್ಲಿ ನೋಡಿ. ಮೂಲದಲ್ಲೇ ಚೌಕಗಳಿದ್ದರೆ ಯಾವ ಎನ್‌ಕೋಡರ್ (ವಿಡಿಯೊವನ್ನು ಸಂಕುಚಿಸಿ ಪರಿವರ್ತಿಸುವ ಸಾಫ್ಟ್‌ವೇರ್) ಕೂಡ ಅವನ್ನು ಅಳಿಸಿ ಹೊಸ ವಿವರ ಹುಟ್ಟಿಸಲಾರದು. ಉತ್ತಮ ಪ್ರತಿಗಾಗಿ ಹುಡುಕಿ. ಎರಡೂ ಫೈಲ್‌ಗಳು ಚೆನ್ನಾಗಿದ್ದು ಡಿಸ್ಕ್ ಮಾತ್ರ ಒಡೆದರೆ, ಅದು ಹೆಚ್ಚಾಗಿ ಓದುವಿಕೆಯ ದೋಷ. ಚಿತ್ರ ನಿಂತು ನಿಂತು ಸಾಗುತ್ತದೆ, ಧ್ವನಿಯೂ ತುಂಡಾಗುತ್ತದೆ. ಒಳ್ಳೆಯ ಡಿಸ್ಕ್ ಕೊಂಡು ಕಡಿಮೆ ವೇಗದಲ್ಲಿ ಬರ್ನ್ ಮಾಡಿ. ಹೆಸರೇ ಇಲ್ಲದ ಅಗ್ಗದ ಡಿಸ್ಕ್‌ಗಳ ಗೊಡವೆಗೆ ಹೋಗಲೇಬೇಡಿ.

ಪರಿವರ್ತಿಸಿದ ಫೈಲ್‌ನಲ್ಲೇ, ಪ್ರತಿ ಬಾರಿಯೂ ಅದೇ ಜಾಗದಲ್ಲಿ, ಅಂದರೆ ಕುಣಿತ, ನೀರಿನ ಅಲೆ, ಕತ್ತಲೆಗೆ ಸರಿಯುವ ದೃಶ್ಯಗಳಲ್ಲಿ ಚೌಕಗಳು ಎದ್ದರೆ ಮುಂದೆ ಓದಿ.

2. ಬಿಟ್‌ರೇಟ್, ಅಂದರೆ ಒಂದೊಂದು ಸೆಕೆಂಡಿನ ವಿಡಿಯೊಗೆ ಸಿಗುವ ಬಿಟ್‌ಗಳ ಲೆಕ್ಕ ಹಾಕಿ. ಎಡವುವುದೆಲ್ಲ ಇಲ್ಲೇ. ಡಿವಿಡಿ, ವಿಸಿಡಿಗಳಲ್ಲಿ ಬಳಸುವ ಎಂಪೆಗ್ ವಿಧಾನ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಹೋಳು ಮಾಡಿ ಒಂದೊಂದನ್ನೂ ಪ್ರತ್ಯೇಕವಾಗಿ ಸಂಕುಚಿಸುತ್ತದೆ. ಸಿಗುವ ಬಿಟ್‌ಗಳು ಸಾಲದಾದಾಗ ಚೌಕದೊಳಗಿನ ಸೂಕ್ಷ್ಮ ವಿವರವನ್ನು ಕೈಬಿಡುತ್ತದೆ. ಹೆಚ್ಚುಕಡಿಮೆ ಒಂದೇ ಬಣ್ಣದ ತುಂಡುಗಳು ಉಳಿದು, ಅವುಗಳ ಅಂಚು ಕಣ್ಣಿಗೆ ಹೊಡೆಯುತ್ತದೆ.

ಈಗ ಕಾಗದ ತೆಗೆದುಕೊಳ್ಳಿ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಜಾಗವಿದೆ, ಅಂದರೆ 37,600 ಮೆಗಾಬಿಟ್. (ಕಂಪ್ಯೂಟರ್ ಅದನ್ನು 4.37 ಎಂದು ತೋರಿಸಿದರೆ ಗಾಬರಿ ಬೇಡ. ಎಣಿಸುವ ಕ್ರಮ ಬೇರೆ, ಅಷ್ಟೆ.) ಎರಡು ಗಂಟೆಯ ವಿಡಿಯೊ ಎಂದರೆ 7,200 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್. ಮೆನು ಮುಂತಾದವುಗಳಿಗೆ ನೂರಕ್ಕೆ ನಾಲ್ಕು ಪಾಲು ಬಿಡಿ, ಧ್ವನಿಗೆ 0.2 ಕಳೆಯಿರಿ. ಚಿತ್ರಕ್ಕೆ ಉಳಿಯುವುದು 4.8. ಇದು ಸಾಕು.

ಧ್ವನಿಗೆ 0.2 ಎಂದದ್ದು ಡಾಲ್ಬಿ ಡಿಜಿಟಲ್‌ನಲ್ಲಿ ಉಳಿಸಿದರೆ ಮಾತ್ರ. ಕೆಲವು ಸಾಫ್ಟ್‌ವೇರ್‌ಗಳು ಹೇಳದೆ ಕೇಳದೆ ಸಂಕುಚಿಸದ ಪಿಸಿಎಂ ಧ್ವನಿಯನ್ನು ತುಂಬಿ, ಚಿತ್ರದ ಪಾಲಿನಿಂದ 1.5 ಮೆಗಾಬಿಟ್ ನುಂಗಿಬಿಡುತ್ತವೆ. ಧ್ವನಿಯ ಸೆಟ್ಟಿಂಗ್ ತೆರೆದು ನೋಡದೆ ಮುಂದೆ ಹೋಗಬೇಡಿ.

ನಾಲ್ಕು ಗಂಟೆಯನ್ನು ಒಂದೇ ಡಿಸ್ಕ್‌ಗೆ ತುರುಕಿದರೆ ಚಿತ್ರಕ್ಕೆ ಸಿಗುವುದು 2.3 ಮಾತ್ರ. 720×576ರ ಪೂರ್ಣ ಚಿತ್ರಕ್ಕೆ ಅದು ಉಪವಾಸವೇ ಸರಿ. ಎರಡು ಡಿಸ್ಕ್‌ಗೆ ಹಂಚಿ ಎನ್ನುವುದು ನನ್ನ ಸಲಹೆ. ಒಪ್ಪದವರು ರೆಸಲ್ಯೂಷನ್ನನ್ನು 352×576ಕ್ಕೆ ಇಳಿಸಲಿ. ಡಿವಿಡಿ ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಪಿಕ್ಸೆಲ್‌ಗಳು ಅರ್ಧಕ್ಕಿಳಿಯುವುದರಿಂದ ಒಂದೊಂದಕ್ಕೂ ಸಿಗುವ ಪಾಲು ಇಮ್ಮಡಿಯಾಗುತ್ತದೆ. ಮೂಲವು ಹಳೆಯ ವಿಎಚ್‌ಎಸ್ ವಿಡಿಯೊ ಟೇಪ್ ಆಗಿದ್ದರೆ ಅದರಲ್ಲಿ ಅಡ್ಡಡ್ಡ ವಿವರ ಮೊದಲೇ ಕಡಿಮೆ, ಹಾಗಾಗಿ ಕಳೆದುಕೊಳ್ಳುವುದು ಏನೂ ಇಲ್ಲವೆನ್ನುವಷ್ಟು.

ಬಿಟ್‌ರೇಟನ್ನು ಬದಲಾಗುವ ಬಗೆಯದಕ್ಕೆ ಇಟ್ಟು, ಎರಡು ಪಾಸ್ ಆಯ್ದುಕೊಳ್ಳಿ. ಮೊದಲ ಪಾಸ್‌ನಲ್ಲಿ ಎನ್‌ಕೋಡರ್ ಕಷ್ಟದ ದೃಶ್ಯಗಳನ್ನು ಗುರುತಿಸಿಕೊಳ್ಳುತ್ತದೆ, ಎರಡನೆಯದರಲ್ಲಿ ಅವುಗಳಿಗೆ ಹೆಚ್ಚು ಬಡಿಸುತ್ತದೆ. ಸರಾಸರಿ 4.8, ಗರಿಷ್ಠ 8 ಎಂದು ಕೊಡಿ. ನಿಯಮದ ಮಿತಿ 9.8 ಇದ್ದರೂ ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕ್‌ನಲ್ಲಿ ಅಷ್ಟು ವೇಗಕ್ಕೆ ಕೆಲವು ಪ್ಲೇಯರ್‌ಗಳು ತಡವರಿಸುತ್ತವೆ. ವಿಡಿಯೊ ಒಂದು ಗಂಟೆಯೊಳಗಿದ್ದರೆ ಈ ಲೆಕ್ಕಾಚಾರವೇ ಬೇಡ: 8 ಮೆಗಾಬಿಟ್ ಸ್ಥಿರವಾಗಿ ಕೊಟ್ಟು ಮುಗಿಸಿ. ಅಂಕಿಗಳನ್ನೆಲ್ಲ ಬಚ್ಚಿಟ್ಟು ‘ಉತ್ತಮ, ಮಧ್ಯಮ, ಸಾಧಾರಣ’ ಎಂದಷ್ಟೇ ಕೇಳುವ ಸಾಫ್ಟ್‌ವೇರ್‌ಗಳನ್ನು ಅಳಿಸಿಹಾಕಿ.

ಸಿಡಿಯಲ್ಲಿ ವಿಡಿಯೊ ತುಂಬುವ ಹಳೆಯ ವಿಸಿಡಿಯೇ ಬೇಕು ಎನ್ನುವವರಿಗೆ ಒಂದು ಮಾತು. ಅದರ ಚಿತ್ರದ ಬಿಟ್‌ರೇಟ್ 1.15 ಮೆಗಾಬಿಟ್‌ಗೆ ಕಟ್ಟುಬಿದ್ದಿದೆ. ಅದನ್ನು ಏರಿಸಿದರೆ ಡಿಸ್ಕ್ ನಿಯಮದ ಹೊರಗೆ ಬೀಳುತ್ತದೆ, ಎಷ್ಟೋ ಪ್ಲೇಯರ್‌ಗಳು ಓದುವುದಿಲ್ಲ. ಅಲ್ಲಿ ನಿಮ್ಮ ಕೈಯಲ್ಲಿರುವುದು ಮುಂದಿನ ಹಂತ ಮಾತ್ರ.

3. ಮೂಲವನ್ನು ಶುಚಿ ಮಾಡಿ. ಹಳೆಯ ಟೇಪ್‌ನ ಚಿತ್ರದಲ್ಲಿ ಸದಾ ಕುದಿಯುವ ಚುಕ್ಕೆಗಳಿರುತ್ತವೆ. ಎನ್‌ಕೋಡರ್‌ಗೆ ಅವೆಲ್ಲ ಹೊಸ ಚಲನೆಯಂತೆಯೇ ಕಾಣುತ್ತವೆ; ಮುಖಕ್ಕೆ ಸಲ್ಲಬೇಕಾದ ಬಿಟ್‌ಗಳನ್ನು ಅವುಗಳ ಮೇಲೆ ಸುರಿಯುತ್ತದೆ. ಪರಿವರ್ತನೆಗೆ ಮೊದಲು ಹಗುರವಾದ ಶಬ್ದ ನಿವಾರಕ ಫಿಲ್ಟರ್ ಹಾಕಿ. ಇಲ್ಲಿ ಶಬ್ದವೆಂದರೆ ಧ್ವನಿಯಲ್ಲ, ಈ ಚುಕ್ಕೆಗಳೇ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿರುವ ‘ಎಚ್‌ಕ್ಯುಡಿಎನ್3ಡಿ’ (hqdn3d) ಫಿಲ್ಟರ್ ಸಾಕು. ಜೋರು ಮಾಡಿದರೆ ಮುಖಗಳು ಮೇಣ ಬಳಿದಂತಾಗುತ್ತವೆ. ಚಿತ್ರದ ತಳದಲ್ಲಿ ಹರಿದಂತೆ ಕಾಣುವ ಪಟ್ಟಿಯನ್ನು ಕಪ್ಪು ಬಣ್ಣದಿಂದ ಮುಚ್ಚಿ. ಮುಚ್ಚುವ ಸಾಲುಗಳು 8 ಅಥವಾ 16 ಇರಲಿ. ಆಗ ಕಪ್ಪಿನ ಅಂಚು ಚೌಕದ ಅಂಚಿಗೇ ಹೊಂದುತ್ತದೆ, ಬಿಟ್ ಉಳಿಯುತ್ತದೆ.

ಟೇಪ್‌ನ ವಿಡಿಯೊ ಇಂಟರ್‌ಲೇಸ್ ಆಗಿರುತ್ತದೆ, ಅಂದರೆ ಬೆಸ ಸಾಲುಗಳು ಒಮ್ಮೆ, ಸರಿ ಸಾಲುಗಳು ಇನ್ನೊಮ್ಮೆ ಬರುತ್ತವೆ. ಡಿವಿಡಿಗೂ ಇಂಟರ್‌ಲೇಸ್ ಆಗಿಯೇ ಎನ್‌ಕೋಡ್ ಮಾಡಿ. ಪ್ರೋಗ್ರೆಸಿವ್ (ಸಾಲುಗಳೆಲ್ಲ ಒಟ್ಟಿಗೆ ಬರುವ ಬಗೆ) ಎಂದು ಸುಳ್ಳು ಹೇಳಿದರೆ ಬಾಚಣಿಗೆ ಹಲ್ಲಿನಂಥ ಗೆರೆಗಳನ್ನು ಉಳಿಸಿಕೊಳ್ಳಲು ಎನ್‌ಕೋಡರ್ ತಿಣುಕುತ್ತದೆ, ಚೌಕಗಳು ಮರಳಿ ಬರುತ್ತವೆ.

4. ಎರಡು ನಿಮಿಷದ ಪರೀಕ್ಷೆ ಮಾಡಿ. ಅತ್ಯಂತ ಗಡಿಬಿಡಿಯ ದೃಶ್ಯವನ್ನೇ ಕತ್ತರಿಸಿ ಅದೇ ಸೆಟ್ಟಿಂಗ್‌ನಲ್ಲಿ ಪರಿವರ್ತಿಸಿ. ಇಲ್ಲಿ ತುಸು ಒಡೆದರೂ ಚಿಂತೆಯಿಲ್ಲ: ಪೂರ್ಣ ವಿಡಿಯೊದಲ್ಲಿ ಶಾಂತ ದೃಶ್ಯಗಳು ಉಳಿಸಿಕೊಡುವ ಬಿಟ್‌ಗಳೂ ಇದಕ್ಕೆ ಸಿಗುತ್ತವೆ.

5. ಬರ್ನ್ ಮಾಡಿ. ಗಡಿಯಾರದ ಮೇಲೊಂದು ಕಣ್ಣಿರಲಿ. ಸಿದ್ಧ ಫೈಲನ್ನು ಜೋಡಿಸಿ ಬರೆಯಲು ಗಂಟೆಗಟ್ಟಲೆ ಬೇಕಿಲ್ಲ. ಅಷ್ಟು ಹೊತ್ತು ಹಿಡಿಯುತ್ತಿದೆ ಎಂದರೆ ಆ ಸಾಫ್ಟ್‌ವೇರ್ ನಿಮ್ಮ ಫೈಲನ್ನು ತನ್ನಿಷ್ಟದಂತೆ ಮತ್ತೊಮ್ಮೆ ಎನ್‌ಕೋಡ್ ಮಾಡುತ್ತಿದೆ. ತಕ್ಷಣ ನಿಲ್ಲಿಸಿ, ಮರುಎನ್‌ಕೋಡ್ ಆಯ್ಕೆಯನ್ನು ತೆಗೆದುಹಾಕಿ. ಅಂಥ ಆಯ್ಕೆಯೇ ಇಲ್ಲವಾದರೆ ಸಾಫ್ಟ್‌ವೇರ್ ಬದಲಿಸಿ.