ವಾವಡಿಂಗದ ಕಾಳಿನಿಂದ ಎಂಬೆಲಿನ್ ತೆಗೆದ ಬಗೆ

ಬೆಳಗಾವಿಯ ಪೇಟೆಯಲ್ಲಿ ವಾವಡಿಂಗ ಕೇಳಿದರೆ, ಕರಿಮೆಣಸನ್ನು ಹೋಲುವ ಆದರೆ ಅದಕ್ಕಿಂತ ಸಣ್ಣದಾದ ಕಾಳುಗಳನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಪುಸ್ತಕದ ಕನ್ನಡದಲ್ಲಿ ಅದು ವಾಯುವಿಳಂಗ. ಕೂಸಿನ ಹೊಟ್ಟೆಯುಬ್ಬರಕ್ಕೆ ಈ ಕಾಳು ಹಾಕಿ ಕುದಿಸಿದ ನೀರನ್ನು ನಮ್ಮ ಮನೆಯಲ್ಲೂ ಕುಡಿಸುತ್ತಿದ್ದರು. ಆಯುರ್ವೇದದಲ್ಲಿ ಇದು ಜಂತುಹುಳುವಿನ ಮದ್ದು. ಅದರಲ್ಲಿರುವ ಮುಖ್ಯ ರಾಸಾಯನಿಕ ಎಂಬೆಲಿನ್. ಅದನ್ನು ಶುದ್ಧ ಹರಳಿನ ರೂಪದಲ್ಲಿ ಬೇರ್ಪಡಿಸಬೇಕೆಂದು ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಜೊತೆ ಕೆಲಸಕ್ಕಿಳಿದೆ.

ಮೊದಲ ಸಲ ಪೇಟೆಯ ಕಾಳನ್ನೇ ತಂದೆವು. 100 ಗ್ರಾಂ ಪುಡಿಯಿಂದ ಸಿಕ್ಕಿದ್ದು 0.9 ಗ್ರಾಂ. ಕ್ರಮದಲ್ಲೇ ತಪ್ಪಿರಬೇಕೆಂದು ಹದಿನೈದು ದಿನಗಳಲ್ಲಿ ಮೂರು ಸಲ ಮಾಡಿದೆ. ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ.

ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆಯ ಅಜ್ಜರೊಬ್ಬರ ಮಾಲ್ಕಿ ಜಮೀನಿನ ಅಂಚಿನಲ್ಲಿ ಈ ಬಳ್ಳಿ ಹಬ್ಬಿದೆ ಎಂದು ವಿದ್ಯಾರ್ಥಿಯೊಬ್ಬ ಹೇಳಿದ. ಪಕ್ಕದಲ್ಲೇ ಭೀಮಗಡ ವನ್ಯಜೀವಿಧಾಮ. ಅಲ್ಲಿ ಒಂದು ಎಲೆಯನ್ನೂ ಕೀಳುವಂತಿಲ್ಲ. ಹಾಗಾಗಿ ಅಜ್ಜರ ಜಮೀನಿಗೇ ಹೋದೆವು. ನಾನು ಒಯ್ದಿದ್ದ ಪೇಟೆಯ ಕಾಳನ್ನು ಅಜ್ಜ ಮೊರಕ್ಕೆ ಸುರಿದುಕೊಂಡು, ಬೆರಳ ತುದಿಯಿಂದ ಸರಿಸುತ್ತ ಸರಿಸುತ್ತ ಮೂರು ಗುಂಪು ಮಾಡಿದರು. ಒಂದು ಕಾಳನ್ನು ಉಗುರಿನಿಂದ ಒಡೆದು ನನ್ನ ಅಂಗೈಗೆ ಹಾಕಿದರು. "ತಂಗಿ, ಸಿಪ್ಪೆ ನೋಡಿ ಮೋಸ ಹೋಗಬೇಡ. ಒಳಗಿನ ಕಾಳು ನೋಡು." ತೆಳು ಪೊರೆಯೊಳಗೆ ಬೀಜ, ಅದರ ಮೇಲೆ ಹಳದಿ ಚುಕ್ಕೆಗಳು. ಸಂಸ್ಕೃತದಲ್ಲಿ ಇದಕ್ಕೆ ಚಿತ್ರತಂಡುಲ, ಎಂದರೆ ಚಿತ್ತಾರದ ಅಕ್ಕಿ, ಎಂಬ ಹೆಸರೂ ಇದೆ. ಅದು ಹೇಗೆ ಬಂತೆಂದು ಆ ದಿನ ಕಣ್ಣಾರೆ ಕಂಡೆ.

ಸಸ್ಯಶಾಸ್ತ್ರದ ಸಹೋದ್ಯೋಗಿ ಆ ಗುಂಪುಗಳಿಗೆ ಹೆಸರು ಕೊಟ್ಟರು: ನಿಜವಾದ ವಾಯುವಿಳಂಗವಾದ ಎಂಬೀಲಿಯಾ ರೈಬಿಸ್, ಅದೇ ಕುಲದ ಇನ್ನೊಂದು ಗಿಡ, ಮತ್ತು ಹಿಮಾಲಯದ ಕಡೆಯಿಂದ ಬರುವ ಮಿರ್ಸಿನೆ ಆಫ್ರಿಕಾನಾ. ಮೂರರಲ್ಲೂ ಎಂಬೆಲಿನ್ ಇರುವುದರಿಂದ ಎಂಬೆಲಿನ್ ಗುರುತಿಸುವ ಬಣ್ಣದ ಪರೀಕ್ಷೆಯೊಂದರಿಂದಲೇ ಇಂಥದ್ದೇ ಗಿಡ ಎಂದು ಹೇಳಲಾಗದು. ಅಂದಿನಿಂದ ಹೂವು, ಎಲೆ, ಕಾಯಿಯಿರುವ ಒಂದು ಕವಲನ್ನು ಒತ್ತಿ ಒಣಗಿಸಿ ಮಾದರಿಯಾಗಿ ಇಡದೆ ನಾನು ಯಾವ ಗಿಡಕ್ಕೂ ಕೈಹಾಕಿಲ್ಲ.

ಅಜ್ಜರ ಕಾಳನ್ನು ನೆರಳಿನಲ್ಲಿ ಒಣಗಿಸಿ ತರಿತರಿಯಾಗಿ ಕುಟ್ಟಿದೆ. ಮಿಕ್ಸರ್‌ನಲ್ಲಿ ನುಣ್ಣಗೆ ಬೀಸಿದರೆ ಬಿಸಿಗೆ ಎಣ್ಣೆಯಂಶ ಬಿಟ್ಟು ಪುಡಿ ಮೆತ್ತಿಕೊಳ್ಳುತ್ತದೆ, ದ್ರಾವಕ ಒಳಗಿಳಿಯುವುದಿಲ್ಲ. ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದ, ದಪ್ಪ ಕಾಗದದ ಕೊಳವೆಯಂಥ ಥಿಂಬಲ್‌ಗೆ ಪುಡಿ ತುಂಬಿ, ಕೆಳಗಿನ ಫ್ಲಾಸ್ಕಿನಲ್ಲಿ ಹೆಕ್ಸೇನ್ ಎಂಬ ದ್ರಾವಕ ಹಾಕಿದೆ. ಹೆಕ್ಸೇನ್ 69 ಡಿಗ್ರಿಗೆ ಕುದಿಯುತ್ತದೆ, ಬೆಂಕಿಯನ್ನು ಬೇಗ ಹಿಡಿಯುತ್ತದೆ, ಅದರ ಆವಿ ನರಗಳಿಗೆ ಹಾನಿಕರ. ಆದ್ದರಿಂದ ಜ್ವಾಲೆಯಿಲ್ಲದೆ ವಿದ್ಯುತ್ತಿನಿಂದ ಬಿಸಿ ಮಾಡುವ ಹೀಟಿಂಗ್ ಮ್ಯಾಂಟಲ್ ಮತ್ತು ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಈ ಕೆಲಸ ಕೂಡದು.

ಮೇಲೇರಿದ ಆವಿ ತಣಿದು ಹನಿಹನಿಯಾಗಿ ಪುಡಿಯ ಮೇಲೆ ಬೀಳುತ್ತದೆ. ಥಿಂಬಲಿನ ಸುತ್ತ ತುಂಬಿಕೊಂಡು, ಪಕ್ಕದ ಬಾಗಿದ ಕೊಳವೆಯಾದ ಸೈಫನ್ನಿನ ಮಟ್ಟ ಮುಟ್ಟಿದೊಡನೆ ಒಮ್ಮೆಲೇ ಕೆಳಗಿಳಿಯುತ್ತದೆ. ಮೊದಲ ಇಳಿತ ಗಾಢ ಕಿತ್ತಳೆ ಬಣ್ಣದ್ದು. ಬರಬರುತ್ತ ಬಣ್ಣ ತಿಳಿಯಾಗುತ್ತದೆ. ಯಾವಾಗ ನಿಲ್ಲಿಸಬೇಕೆಂದು ತಿಳಿಯಲು ಗಡಿಯಾರಕ್ಕಿಂತ ಫಿಲ್ಟರ್ ಕಾಗದವನ್ನೇ ನಾನು ನಂಬುತ್ತೇನೆ. ಇಳಿಯುವ ದ್ರಾವಣದ ಒಂದು ಹನಿಯನ್ನು ಕಾಗದದ ಮೇಲೆ ಹಾಕಿ, ಆರಿದ ಮೇಲೆ ಅಮೋನಿಯಾ ಬಾಟಲಿಯ ಬಾಯಿಗೆ ಹಿಡಿಯುತ್ತೇನೆ. ಎಂಬೆಲಿನ್ ಇದ್ದರೆ ಹಳದಿ ಕಲೆ ನೇರಳೆಗೆ ತಿರುಗುತ್ತದೆ. ಎಂಟನೆಯ ಗಂಟೆಯ ಹೊತ್ತಿಗೆ ಕಾಗದ ಬಿಳಿಯಾಗಿಯೇ ಉಳಿಯಿತು.

ಈ ಗುಣ ನನಗೆ ಗೊತ್ತಾದದ್ದು ಒಂದು ಅಚಾತುರ್ಯದಿಂದ. ಮೊದಲ ವಾರ ಫ್ಲಾಸ್ಕಿನ ಗೋಡೆಗೆ ಅಂಟಿದ್ದ ಹಳದಿಯನ್ನು ಬೋರ್‌ವೆಲ್ ನೀರಿನಿಂದ ತೊಳೆಯಹೋದೆ. ಇಡೀ ಫ್ಲಾಸ್ಕ್ ನೇರಳೆಯಾಯಿತು! ಕ್ಷಾರದಂಶವಿರುವ ಗಡಸು ನೀರೇ ಅಮೋನಿಯಾದ ಕೆಲಸ ಮಾಡಿತ್ತು. ಈಗ ಭಟ್ಟಿ ಇಳಿಸಿದ ನೀರು ಬಿಟ್ಟರೆ ಬೇರೆ ನೀರನ್ನು ಹತ್ತಿರ ತರುವುದಿಲ್ಲ.

ಮುಂದಿನದು ಹರಳುಗಟ್ಟಿಸುವ ಕೆಲಸ. ಹೆಕ್ಸೇನನ್ನು ಅರ್ಧಕ್ಕಿಂತ ಕಡಿಮೆಯಾಗುವಷ್ಟು ಇಂಗಿಸಿ ತಣಿಯಲು ಬಿಡಬೇಕು. ಬಿಸಿ ಹೆಕ್ಸೇನಿನಲ್ಲಿ ಕರಗುವ ಎಂಬೆಲಿನ್ ತಂಪಾದಾಗ ಹೊರಬೀಳುತ್ತದೆ, ಕೊಬ್ಬಿನಂಶ ಬಹುಪಾಲು ದ್ರಾವಣದಲ್ಲೇ ಉಳಿಯುತ್ತದೆ. ಅವಸರಪಟ್ಟು ನೇರ ಫ್ರೀಜರಿಗಿಟ್ಟಾಗ ಕೊಬ್ಬೂ ಸೇರಿಕೊಂಡು ಹಳದಿ ಕೆಸರಾಗಿತ್ತು. ಎರಡನೆಯ ಸಲ ಬೀಕರನ್ನು ಟವೆಲಿನಲ್ಲಿ ಸುತ್ತಿ ರಾತ್ರಿಯಿಡೀ ಮೇಜಿನ ಮೇಲೇ ಬಿಟ್ಟೆ. ಬೆಳಿಗ್ಗೆ ತಳದಲ್ಲಿ ಕಿತ್ತಳೆ ಮಿಶ್ರಿತ ಹೊಂಬಣ್ಣದ ತೆಳು ಹಾಳೆಗಳಂಥ ಹರಳುಗಳು. ಬೀಕರ್ ಅಲುಗಿಸಿದರೆ ಮಿಂಚುತ್ತ ಮೇಲೇಳುತ್ತಿದ್ದವು. ವಿದ್ಯಾರ್ಥಿಗಳೆಲ್ಲ ಮೇಜಿನ ಸುತ್ತ ಮಾತಿಲ್ಲದೆ ನಿಂತರು. ತಣ್ಣನೆಯ ಹೆಕ್ಸೇನಿನಿಂದ ತೊಳೆದು, ಎಥನಾಲಿನಲ್ಲಿ ಮತ್ತೊಮ್ಮೆ ಹರಳುಗಟ್ಟಿಸಿ ತೂಗಿದಾಗ 100 ಗ್ರಾಂ ಪುಡಿಗೆ 2.3 ಗ್ರಾಂ. ಕರಗುವ ಬಿಂದು 142ರಿಂದ 143 ಡಿಗ್ರಿ, ಇರಬೇಕಾದಷ್ಟೇ. ಶುದ್ಧತೆ ಪರೀಕ್ಷಿಸುವ ಸಿಲಿಕಾ ಪ್ಲೇಟಿನ ಮೇಲೆ ಮಾತ್ರ ಕಲೆ ಬಾಲದಂತೆ ಎಳೆದುಕೊಂಡಿತ್ತು. ಪ್ಲೇಟಿನ ಮೇಲೆ ಹರಿಸುವ ದ್ರಾವಕಕ್ಕೆ ತುಸು ಫಾರ್ಮಿಕ್ ಆಮ್ಲ ಸೇರಿಸಿದ ಮೇಲೆ ದುಂಡಗೆ ನಿಂತಿತು.

ಇದನ್ನು ಮನೆಯಲ್ಲಿ ಮದ್ದಾಗಿ ಬಳಸಬಹುದೇ ಎಂದು ಹಲವರು ಕೇಳಿದ್ದಾರೆ. ಖಂಡಿತ ಬೇಡ. ಎಂಬೆಲಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಕೂಸಿಗೆ ಕೊಡುವ ನೀರೇ ಬೇರೆ, ಈ ಹರಳೇ ಬೇರೆ. ಪ್ರಾಣಿಗಳ ಮೇಲಿನ ಅಧ್ಯಯನಗಳಲ್ಲಿ ಎಂಬೆಲಿನ್ ಸಂತಾನಶಕ್ತಿಯನ್ನು ಕುಗ್ಗಿಸಿದ್ದು ದಾಖಲಾಗಿದೆ.

ನನ್ನ ಚಿಂತೆಯೆಲ್ಲ ಬಳ್ಳಿಯದು. ಕಾಯಿಗಾಗಿ ಬಳ್ಳಿಯನ್ನೇ ಕಡಿದೆಳೆದರೆ ಮರುವರ್ಷ ಅಲ್ಲಿ ಏನೂ ಇರುವುದಿಲ್ಲ. ಅಜ್ಜ ಅರ್ಧ ಗೊಂಚಲನ್ನು ಹಕ್ಕಿಗಳಿಗೆ ಬಿಡುತ್ತಾರೆ, ನಮಗೂ ಅದೇ ಷರತ್ತು ಹಾಕಿದ್ದಾರೆ. ಈ ಗಿಡದ ಬೀಜ ಸುಲಭವಾಗಿ ಮೊಳೆಯುವುದಿಲ್ಲ. ಅಜ್ಜ ಕೊಟ್ಟ 40 ಬೀಜಗಳನ್ನು ಕಾಲೇಜಿನ ಹಿತ್ತಲಿನಲ್ಲಿ ಪಾಕೆಟುಗಳಿಗೆ ಹಾಕಿದ್ದೆವು. 3 ಮೊಳೆತಿವೆ.