ಕೆಸುವಿನೆಲೆಯಾಗಿದ್ದ ಟವಲ್ಲುಗಳು

ಹೋದ ದಸರೆಗೆ ಮಂಡ್ಯದ ಕಡೆಯ ನಮ್ಮೂರಿಂದ ಸೋದರತ್ತೆ ಮೈಸೂರಿಗೆ ಬಂದಿದ್ದರು. ಸ್ನಾನಕ್ಕೆ ಹೊರಟವರಿಗೆ ಬೀರುವಿನಿಂದ ಇದ್ದುದರಲ್ಲಿ ಒಳ್ಳೆಯ ಟವಲ್ಲನ್ನೇ ತೆಗೆದುಕೊಟ್ಟೆ. ದಪ್ಪನೆಯ ಬಿಳಿ ಟರ್ಕಿ ಟವಲ್, ಮೂಗಿಗೆ ಹಿಡಿದರೆ ಮಲ್ಲಿಗೆ ಘಮ. ಬಚ್ಚಲಿಂದ ಹೊರಗೆ ಬಂದಾಗ ಅವರ ತೋಳಿನಿಂದ ಇನ್ನೂ ನೀರು ಇಳಿಯುತ್ತಿತ್ತು. "ಇದೇನವ್ವಾ ನಿಮ್ ಟವಲ್ಲು, ನೀರ ಕುಡಿಯದೇ ಇಲ್ವಲ್ಲ. ಅತ್ಲಾಗಿಂದ ಇತ್ಲಾಗೆ ತಳ್ತದೆ ಅಷ್ಟೆಯಾ" ಅಂದವರೇ ತಮ್ಮ ಚೀಲದಿಂದ ತೆಳ್ಳನೆಯ ಹತ್ತಿ ಚೌಕ ಎಳೆದು ಮೈ ಒರೆಸಿಕೊಂಡರು. ಇದ್ದ ನಾಲ್ಕು ದಿನವೂ ಅದೇ ಚೌಕ.

ಅವರು ಊರಿಗೆ ಹೋದ ಮೇಲೆ ಆ ಟವಲ್ಲನ್ನು ಮೇಜಿನ ಮೇಲೆ ಹರಡಿ ಚಮಚದಿಂದ ಒಂದು ಹನಿ ನೀರು ಬಿಟ್ಟೆ. ಕೆಸುವಿನೆಲೆಯ ಮೇಲೆ ನಿಂತ ಹಾಗೆ ದುಂಡಗೆ ನಿಂತಿತು. ಮೆಲ್ಲಗೆ ಅಲ್ಲಾಡಿಸಿದರೆ ಉರುಳಿತು. ಅತ್ತೆಯ ಮಾತಿಗೆ ಒಳಗೊಳಗೇ ಮುನಿಸಿಕೊಂಡಿದ್ದ ನಾನು ಅವತ್ತು ಮನೆಯ ಎಲ್ಲ ಟವಲ್ಲುಗಳ ಮೇಲೂ ಹನಿ ಬಿಟ್ಟು ನೋಡಿದೆ. ಹನ್ನೊಂದರಲ್ಲಿ ನೀರನ್ನು ತಕ್ಷಣ ಹೀರಿದ್ದು ಎರಡೇ. ಎರಡೂ ಹಳೆಯವು, ಸ್ಕೂಟರ್ ಒರೆಸಲು ಪಕ್ಕಕ್ಕೆ ಎಸೆದಿದ್ದವು, ಪರಿಮಳದ ಕಂಡೀಷನರ್ ಕಾಣದವು.

ತಪ್ಪು ಎಲ್ಲಿತ್ತು ಅನ್ನುವುದು ಅಲ್ಲಿಗೆ ಅರ್ಧ ಗೊತ್ತಾಯಿತು. ನಾವು ಮೊದಲು ಸರಸ್ವತಿಪುರಂನಲ್ಲಿ ಬಾಡಿಗೆಗಿದ್ದೆವು. ಅಲ್ಲಿ ನಲ್ಲಿಯಲ್ಲಿ ಕಾವೇರಿ. ಮನೆ ಕಟ್ಟಿಸಿಕೊಂಡು ರಿಂಗ್ ರಸ್ತೆಯ ಆಚೆಗೆ ಬಂದ ಮೇಲೆ ಬೋರ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಕರೆ, ಗೀಸರಿನ ಒಳಗೆ ಸುಣ್ಣದ ಪೊರೆ, ಸೋಪು ಎಷ್ಟು ತಿಕ್ಕಿದರೂ ನೊರೆಯಿಲ್ಲ. ಟವಲ್ ಒಣಗಿದರೆ ಹಪ್ಪಳ. ಮೆತ್ತಗಾಗಲೆಂದು ಕಂಡೀಷನರ್ ಸುರಿಯತೊಡಗಿದೆ. ಮೆತ್ತಗಾಯಿತು, ನೀರು ಕುಡಿಯುವುದನ್ನು ಬಿಟ್ಟಿತು. ಆಮೇಲೆ ಒಂದು ಥರ ಮುಗ್ಗಲು ವಾಸನೆ ಶುರುವಾಯಿತು, ಅದಕ್ಕೆ ಪುಡಿ ಜಾಸ್ತಿ ಹಾಕಿದೆ. ಪುಡಿ ಸರಿಯಾಗಿ ಜಾಲಿ ಹೋಗದೆ ಇನ್ನಷ್ಟು ಗಡಸಾಯಿತು, ಮತ್ತೆ ಕಂಡೀಷನರ್. ಎರಡು ವರ್ಷ ನಡೆದದ್ದು ಇದೇ.

ಕಂಡೀಷನರ್ ಮಾಡುವ ಕೆಲಸ ತಿಳಿದರೆ ಸಿಟ್ಟು ಬರುತ್ತದೆ. ಅದರ ಅಣುವಿಗೆ ಒಂದು ತುದಿಯಲ್ಲಿ ಧನ ವಿದ್ಯುದಂಶ, ಇನ್ನೊಂದು ಕಡೆ ಜಿಡ್ಡಿನ ಬಾಲ. ನೀರಿನಲ್ಲಿ ಹತ್ತಿಯ ನೂಲಿಗೆ ಕೊಂಚ ಋಣ ಅಂಶ ಇರುವುದರಿಂದ ಆ ತುದಿ ಹೋಗಿ ನೂಲನ್ನು ಕಚ್ಚಿಕೊಳ್ಳುತ್ತದೆ, ಜಿಡ್ಡಿನ ಬಾಲ ಹೊರಗೆ ಚಾಚಿರುತ್ತದೆ. ನಯ ಅನ್ನಿಸುವುದು ಆ ಜಿಡ್ಡು. ಸೀರೆಗೋ ಶರಟಿಗೋ ಅದು ಸರಿ. ಟವಲ್ಲಿನ ಕಸುಬೇ ನೀರು ಹೀರುವುದು, ಅದಕ್ಕೆ ಎಣ್ಣೆ ಸವರಿದ ಹಾಗಾಯಿತು. ಟರ್ಕಿ ಟವಲ್ಲಿನಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಎದ್ದಿರುತ್ತದಲ್ಲ, ಮೈ ಒರೆಸುವುದು ಆ ಕುಣಿಕೆಗಳೇ. ಜಿಡ್ಡು, ಸುಣ್ಣ, ಪುಡಿ ಎಲ್ಲ ಹೋಗಿ ಕೂರುವುದೂ ಅವುಗಳ ಬುಡದಲ್ಲೇ.

ತೆಗೆಯುವುದು ಹೇಗೆ? ನನಗೆ ನೆನಪಾದದ್ದು ನಮ್ಮೂರಿನ ಉಬ್ಬೆ. ಮಡಿವಾಳರ ಹಿತ್ತಲಲ್ಲಿ ದೊಡ್ಡ ಗುಡಾಣ, ಸೌಳು ಮಣ್ಣೋ ಸೋಡವೋ ಕದಡಿದ ನೀರಲ್ಲಿ ಅದ್ದಿದ ಬಟ್ಟೆಗಳನ್ನು ಅದರ ಮೇಲೆ ಗೋಪುರದ ಹಾಗೆ ಪೇರಿಸಿ, ಕೆಳಗೆ ಬೆಂಕಿ ಇಟ್ಟು ರಾತ್ರಿಯಿಡೀ ಹಬೆ ಕೊಡುತ್ತಿದ್ದರು. ಬೆಳಿಗ್ಗೆ ನಾಲೆಗೆ ಒಯ್ದು ಸೆಣೆದು ತಂದರೆ ಪಂಚೆ ಕಣ್ಣು ಕೋರೈಸುತ್ತಿತ್ತು. ಬಿಸಿ ಮತ್ತು ಕ್ಷಾರ ಸೇರಿದರೆ ಮೈಯ ಜಿಡ್ಡು ಸಾಬೂನಾಗಿ ನೀರಿಗೆ ಬಿಟ್ಟುಕೊಳ್ಳುತ್ತದೆ, ಅಷ್ಟೇ ಅದರ ಗುಟ್ಟು. ಸರಿ, ಮನೆಯಲ್ಲೇ ಒಂದು ಸಣ್ಣ ಉಬ್ಬೆ ಅಂದುಕೊಂಡು ದಿನಸಿ ಅಂಗಡಿಯಿಂದ ಬಟ್ಟೆ ಸೋಡ ತಂದೆ. ಅಡುಗೆ ಸೋಡ ಅಲ್ಲ, ಅದು ತೀರಾ ಸೌಮ್ಯ. ದೊಡ್ಡ ಬಕೆಟ್ಟಿಗೆ ಎರಡು ದೊಡ್ಡ ಚಮಚ ಸೋಡ, ಅರ್ಧ ಚಮಚ ಬಟ್ಟೆ ಪುಡಿ, ಗೀಸರಿನ ಕೊನೆಯ ಬಿಸಿಗೆ ಒಲೆಯ ಮೇಲಿನ ಒಂದು ಪಾತ್ರೆ ಕುದಿನೀರು ಸೇರಿಸಿ ಮೂರು ಟವಲ್ ಮುಳುಗಿಸಿದೆ.

ಸಂಜೆ ನೋಡಿದರೆ ನೀರು ಕಲಗಚ್ಚು. ಒಗೆದು ಒಗೆದು ಇಟ್ಟಿದ್ದ ಟವಲ್ಲುಗಳಿಂದ ಅಷ್ಟು ಕೊಳೆ! ಖುಷಿಯಿಂದ ಹಿಂಡಿ, ಎರಡು ಸಲ ಜಾಲಿಸಿ ಒಣಗಿಹಾಕಿದೆ. ಮಾರನೆಯ ದಿನ ತೆಗೆದರೆ ಮೊದಲಿಗಿಂತ ಗಡಸು. ಹಪ್ಪಳ ಹೋಗಿ ಮರದ ಹಲಗೆ. ಮಡಚಿದರೆ ಪುಡಿ ಉದುರುತ್ತಿತ್ತು.

ಇದರಲ್ಲಿ ಸೋಡದ ತಪ್ಪಿಲ್ಲ, ತಪ್ಪು ನನ್ನದು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಸೋಡದ ಜೊತೆ ಸೇರಿದರೆ ಸೀಮೆಸುಣ್ಣದ ಪುಡಿಯಾಗಿ ಕೆಳಗೆ ಇಳಿಯುತ್ತದೆ. ನಾನು ಬೋರ್ ನೀರಿನಲ್ಲಿ ನೆನೆಸಿದ್ದರಿಂದ ಆ ಪುಡಿ ನೇರ ಕುಣಿಕೆಗಳೊಳಗೆ ಇಳಿದಿತ್ತು. ಬಕೆಟ್ಟಿನ ಕರೆಯ ಮೇಲೆ ಒಂದು ತೊಟ್ಟು ವಿನೆಗರ್ ಬಿಟ್ಟಾಗ ಬುಸ್ ಅಂದಿತು. ಊರಿನ ಉಬ್ಬೆಯ ಬಟ್ಟೆ ನಾಲೆಯಲ್ಲಿ ಸೆಣೆದದ್ದು ನೆನಪಾದದ್ದು ಆಗ. ನಾಲೆಯ ನೀರೆಂದರೆ ಕನ್ನಂಬಾಡಿ ಕಟ್ಟೆಯಿಂದ ಹರಿದು ಬಂದ ಕಾವೇರಿ, ಮೆದು ನೀರು. ನಾನು ಉಬ್ಬೆಯನ್ನು ನೆನಪಿಟ್ಟುಕೊಂಡು ನಾಲೆಯನ್ನು ಮರೆತಿದ್ದೆ.

ಅದೃಷ್ಟಕ್ಕೆ ಅಕ್ಟೋಬರ್. ಮೈಸೂರಿನಲ್ಲಿ ಮೇ ಬಿಟ್ಟರೆ ಮಳೆ ಜೋರಾಗಿ ಬೀಳುವ ತಿಂಗಳು ಅದೇ. ತಾರಸಿಯ ಮೊದಲ ಕೊಳೆ ಹರಿದು ಹೋಗಲು ಬಿಟ್ಟು, ಆಮೇಲಿನ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದೆ. ಮೊದಲು ಹಲಗೆಯಾಗಿದ್ದ ಮೂರಕ್ಕೂ ನಿಂಬೆ ಉಪ್ಪಿನ, ಅಂದರೆ ಸಿಟ್ರಿಕ್ ಆಸಿಡ್ ಹರಳಿನ ಸ್ನಾನ: ಬಕೆಟ್ಟಿಗೆ ಒಂದು ದೊಡ್ಡ ಚಮಚ, ಅರ್ಧ ಗಂಟೆ. ವಿನೆಗರ್ ಕೂಡ ಇದೇ ಕೆಲಸ ಮಾಡುತ್ತದೆ, ಅರ್ಧ ಲೋಟ ಸಾಕು, ಆದರೆ ಮನೆಯೆಲ್ಲ ಗೋಬಿ ಮಂಚೂರಿ ಗಾಡಿಯ ವಾಸನೆ. ಹುಳಿ ಸುಣ್ಣವನ್ನು ಕರಗಿಸುತ್ತದೆ, ಹುಣಸೆಹಣ್ಣು ತಾಮ್ರದ ಹಂಡೆಯ ಕಿಲುಬು ತೆಗೆಯುವ ಹಾಗೆ. ಆಮೇಲೆ ಮಳೆನೀರಿನಲ್ಲೇ ಬಿಸಿ ಸೋಡ, ಮಳೆನೀರಿನಲ್ಲೇ ಜಾಲಿಸುವುದು. ಮೂರನೆಯ ಸಲ ಜಾಲಿಸಿದಾಗಲೂ ನೊರೆ ಬರುತ್ತಿತ್ತು. ಪುಡಿ ಹಾಕಿದ್ದು ಅರ್ಧ ಚಮಚ. ಉಳಿದದ್ದು ಎರಡು ವರ್ಷದ ಬಾಕಿ.

ಈ ಸಲ ಹನಿ ನಿಲ್ಲಲಿಲ್ಲ, ಬಿದ್ದ ಕಡೆಯೇ ಇಂಗಿತು.

ಮಾಡುವವರಿಗೆ ಕೆಲವು ಎಚ್ಚರಿಕೆ. ಸೋಡವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕದಡಬೇಡಿ, ಪಾತ್ರೆಯನ್ನೇ ತಿನ್ನುತ್ತದೆ. ಕೈಗೂ ಉರಿ, ಗ್ಲೌಸ್ ಹಾಕಿಕೊಳ್ಳಿ. ಗಾಢ ಬಣ್ಣದ ಟವಲ್ಲನ್ನು ಬಿಳಿಯ ಜೊತೆ ನೆನೆಸಬೇಡಿ. ಬ್ಲೀಚಿಂಗ್ ಇರುವ ಕಡೆ ವಿನೆಗರ್ ಆಗಲಿ ನಿಂಬೆ ಉಪ್ಪಾಗಲಿ ತರಲೇಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಹುಡುಗಾಟವಲ್ಲ. ಹುಳಿಯನ್ನು ಮಷಿನ್ನಿನಲ್ಲಿ ವಾರವಾರ ಸುರಿದರೆ ರಬ್ಬರ್ ಪಟ್ಟಿ ಹಾಳಾಗಬಹುದು, ಹಾಗಾಗಿ ನಾನು ಬಕೆಟ್ಟಿನಲ್ಲೇ ಮಾಡುತ್ತೇನೆ, ಎರಡು ತಿಂಗಳಿಗೊಮ್ಮೆ.

ದಿನನಿತ್ಯದ ಒಗೆತ ಮಷಿನ್ನಿನಲ್ಲೇ. ಟವಲ್ಲುಗಳನ್ನು ಬೇರೆ ಬಟ್ಟೆಯ ಜೊತೆ ಹಾಕುವುದು ಬಿಟ್ಟೆ. 70 ಸೆಂಟಿಮೀಟರ್ ಅಗಲ, 140 ಸೆಂಟಿಮೀಟರ್ ಉದ್ದದ, ಚದರ ಮೀಟರಿಗೆ 450 ಗ್ರಾಂ ತೂಗುವ ಟವಲ್ ಒಣಗಿದ್ದಾಗಲೇ ಸುಮಾರು 440 ಗ್ರಾಂ. ಒದ್ದೆಯಾದರೆ ಅದರ ತೂಕ ಎತ್ತಿ ನೋಡಿದವರಿಗೇ ಗೊತ್ತು. ನಮ್ಮ 7 ಕಿಲೋ ಮಷಿನ್ನಿಗೆ ಏಳೆಂಟು ಟವಲ್ಲಿಗಿಂತ ಜಾಸ್ತಿ ಹಾಕುವುದಿಲ್ಲ. ತುರುಕಿದರೆ ಕೊಳೆ ಬಿಟ್ಟರೂ ಜಾಲಿ ಹೋಗಲು ಜಾಗವಿಲ್ಲ. ಪುಡಿ ಬದಲು ಲಿಕ್ವಿಡ್, ಬಾಟಲಿಯ ಮೇಲೆ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ. ತೀರಾ ಕಡಿಮೆ ಮಾಡಿದರೂ ಗಡಸು ನೀರಿನಲ್ಲಿ ಕೊಳೆ ಬಿಡುವುದಿಲ್ಲ, ಅದನ್ನೂ ಮಾಡಿ ನೋಡಿದ್ದೇನೆ. ಇನ್ನೊಂದು ಸಲ ಜಾಲಿಸುವ ಬಟನ್ ಒತ್ತುವುದು ಕಡ್ಡಾಯ. ಬಟ್ಟೆ ಸೋಪಿನ ಬಿಲ್ಲೆ ಮತ್ತು ಬ್ರಷ್ ಟವಲ್ಲಿನ ಹತ್ತಿರ ಸುಳಿಯುವಂತಿಲ್ಲ. ಬಿಲ್ಲೆಯಲ್ಲಿ ತೂಕಕ್ಕೆಂದು ಸೇರಿಸುವ ಬಿಳಿ ಮಣ್ಣು ಕುಣಿಕೆಯಲ್ಲೇ ಉಳಿಯುತ್ತದೆ, ಬ್ರಷ್ ಕುಣಿಕೆಯನ್ನೇ ಎಬ್ಬುತ್ತದೆ. ಎಲ್ಲಾದರೂ ಒಂದು ಕುಣಿಕೆ ಉದ್ದಕ್ಕೆ ಎದ್ದು ಬಂದರೆ ಎಳೆಯಬೇಡಿ, ಕತ್ತರಿಯಿಂದ ಸಮ ಮಾಡಿ. ತಳದ ನೇಯ್ಗೆ ಹಿಡಿದುಕೊಂಡಿರುತ್ತದೆ, ಬಿಚ್ಚಿಕೊಳ್ಳುವುದಿಲ್ಲ.

ವಾಸನೆಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಎರಡು ಬೇರೆ ಬೇರೆ ಮಾತಿದೆ, ಮುಗ್ಗಲು ಮತ್ತು ಕಮಟು. ಎರಡಕ್ಕೂ ಮದ್ದು ಬೇರೆ. ಒದ್ದೆ ಟವಲ್ಲನ್ನು ಬಾಗಿಲ ಹಿಂದಿನ ಮೊಳೆಗೆ ಮುದ್ದೆಯಾಗಿ ಸಿಕ್ಕಿಸಿದರೆ ಬರುವುದು ಮುಗ್ಗಲು. ಅದರ ಹಿಂದೆ ಮೊರಾಕ್ಸೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದೆ ಅಂತ 2012ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಒಗೆದು ಒಣಗಿಸಿದರೂ ಅದು ನೂಲಿನಲ್ಲಿ ಉಳಿದು, ಮತ್ತೆ ತೇವ ಸಿಕ್ಕ ಕೂಡಲೇ ವಾಸನೆ ಎಬ್ಬಿಸುತ್ತದೆ. ಬೀರುವಿನಲ್ಲಿ ಘಮಘಮ ಅನ್ನುತ್ತಿದ್ದ ಟವಲ್ ಮುಖ ಒರೆಸಿದ ಕೂಡಲೇ ನಾರುವುದು ಇದಕ್ಕೇ. ಬಿಳಿ ಟವಲ್ಲುಗಳಿಗೆ ನಾನು ತಿಂಗಳಿಗೊಮ್ಮೆ 60 ಡಿಗ್ರಿ ಇಡುತ್ತೇನೆ. ಉಳಿದಂತೆ ಔಷಧಿ ಒಂದೇ, ಪ್ರತಿ ಸ್ನಾನದ ನಂತರ ಬಾಲ್ಕನಿಯ ತಂತಿಯಲ್ಲಿ ಅಗಲಕ್ಕೆ ಹರಡುವುದು. ಮನೆಯವರಿಗೆ ಇದನ್ನು ಕಲಿಸುವುದು ಸೋಡದ ರಸಾಯನಶಾಸ್ತ್ರಕ್ಕಿಂತ ಕಷ್ಟವಾಯಿತು. ಬಚ್ಚಲಿನ ಮೊಳೆ ಕಿತ್ತೆ, ಆಮೇಲೆ ಸರಿಹೋಯಿತು.

ಕಮಟು ಎಣ್ಣೆಯದು. ಹಬ್ಬಕ್ಕೆ ಹರಳೆಣ್ಣೆ ಹಚ್ಚಿ ನೀರು ಹಾಕಿಕೊಂಡರೆ ಎಷ್ಟು ಸೀಗೆಪುಡಿ ತಿಕ್ಕಿದರೂ ಟವಲ್ಲಿಗೆ ಒಂದಿಷ್ಟು ಅಂಟಿಯೇ ತೀರುತ್ತದೆ. ಎಣ್ಣೆ ಸ್ನಾನಕ್ಕೆ ಹಳೆಯ ಪಂಚೆಗಳನ್ನು ಹರಿದು ಬೇರೆಯೇ ಇಟ್ಟಿದ್ದೇನೆ, ಅವಕ್ಕೆ ಅವತ್ತೇ ಬಿಸಿನೀರು ಸೋಡ. ಅರಿಶಿನದ ಕಲೆಯದು ಇನ್ನೊಂದು ತಮಾಷೆ. ಸೋಪು ಬಿದ್ದ ಕೂಡಲೇ ಕುಂಕುಮದ ಹಾಗೆ ಕೆಂಪಾಗುತ್ತದೆ. ಹೆದರಬೇಕಿಲ್ಲ, ಕ್ಷಾರ ತಗುಲಿದರೆ ಅರಿಶಿನ ಹಾಗೇ. ಒಗೆದು ಒದ್ದೆಯಿರುವಾಗಲೇ ಬಿಸಿಲಿಗೆ ಹಾಕಿದರೆ ಎರಡು ಮೂರು ದಿನಕ್ಕೆ ಬೆಳಕೇ ಆ ಬಣ್ಣವನ್ನು ತಿಂದುಹಾಕುತ್ತದೆ.

ಒಣಗಿಸುವ ಮುನ್ನ ಎರಡೂ ತುದಿ ಹಿಡಿದು ಚಟೀರ್ ಅನ್ನುವ ಹಾಗೆ ಐದಾರು ಸಲ ಕೊಡವುತ್ತೇನೆ, ಮಲಗಿದ ಕುಣಿಕೆಗಳು ಏಳುತ್ತವೆ. ಮೆದು ನೀರಿನಲ್ಲಿ ಒಗೆದರೂ ತಂತಿಯ ಮೇಲೆ ಒಣಗಿದ ಟವಲ್ ಕೊಂಚ ಬಿರುಸಾಗಿಯೇ ಇರುತ್ತದೆ. ಜಪಾನಿನ ಹೊಕ್ಕೈಡೋ ವಿಶ್ವವಿದ್ಯಾಲಯದ ಮತ್ತು ಬಟ್ಟೆ ಪುಡಿ ಮಾಡುವ ಕಾವೋ ಕಂಪನಿಯ ಸಂಶೋಧಕರು 2020ರಲ್ಲಿ ಇದಕ್ಕೆ ಕಾರಣ ಕಂಡುಕೊಂಡರು: ಒಣಗಿದ ಮೇಲೂ ಹತ್ತಿಯ ಎಳೆಗಳ ಮೇಲೆ ಉಳಿಯುವ ಚೂರು ನೀರೇ ಎಳೆಗಳನ್ನು ಅಂಟಿಸಿ ಹಿಡಿದಿರುತ್ತದೆ. ಕೈಯಲ್ಲಿ ಎರಡು ಸಲ ಹಿಸುಕಿ ಕೊಡವಿದರೆ ಆ ಅಂಟು ಬಿಡುತ್ತದೆ. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನದವರೆಗೆ ಬಿಟ್ಟು ಸುಡಿಸುವುದಿಲ್ಲ. ಹೊಗೆ ಧೂಳಿನ ಕಾಟ ಇಲ್ಲಿ ಕಡಿಮೆ. ಊರಲ್ಲಿ ಆಲೆಮನೆ ಒಲೆ ಹೊತ್ತಿಸಿದ ದಿನ ಅಮ್ಮ ಬಿಳಿ ಬಟ್ಟೆ ಮುಟ್ಟುತ್ತಲೇ ಇರಲಿಲ್ಲ. ರಚ್ಚು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ಉರಿದ ಕರಿ ಗಾಳಿಯಲ್ಲಿ ತೇಲಿ ಬಂದು ಪಂಚೆಯ ಮೇಲೆ ಕೂರುತ್ತಿತ್ತು, ಒರೆಸಿದರೆ ಗೀರು.

ಹನ್ನೊಂದರಲ್ಲಿ ಎರಡು ಮಾತ್ರ ದಾರಿಗೆ ಬರಲಿಲ್ಲ. ಎರಡೂ ಹಬ್ಬದ ರಿಯಾಯಿತಿಯಲ್ಲಿ ತಂದ ತಿಳಿನೀಲಿಯವು. ತುದಿಯ ಒಂದು ನೂಲು ಎಳೆದು ಸುಟ್ಟು ನೋಡಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಇದು ಕರಗಿ ಕರಿ ಮಣಿ ಕಟ್ಟಿತು. ಪಾಲಿಯೆಸ್ಟರ್. ಅದಕ್ಕೆ ಯಾವ ಸೋಡವೂ ನೀರು ಕುಡಿಸಲಾರದು. ಈಗ ಒಂದು ಮಷಿನ್ನಿನ ಕೆಳಗೆ ಹಾಸಿದೆ, ಇನ್ನೊಂದು ಮಳೆನೀರಿನ ಡ್ರಮ್ಮಿನ ಬಾಯಿಗೆ ಕಟ್ಟಿದೆ, ಎಲೆ ಕಸ ಬೀಳದ ಹಾಗೆ.